ಹಳೆಯ ಸ್ಕ್ಯಾನರ್, ಮನೆಯ ಪೋಸ್ಟ್‌ಫಿಕ್ಸ್, ಇಂಟರ್ನೆಟ್ ಕಂಪನಿಯ ರಿಲೇ

ನಮ್ಮ ಮನೆಯ ಮುಂಭಾಗದ ಕೋಣೆಯೇ ಅಣ್ಣನ ಆಫೀಸು. ಅವನು ತೆರಿಗೆ ಸಲಹೆಗಾರ. ಜನ ತಂದುಕೊಡುವ ಫಾರಂ 16, ಪಾಸ್‌ಬುಕ್, ಬಾಡಿಗೆ ರಸೀದಿಗಳನ್ನು ಪ್ರಿಂಟರಿನ ತಟ್ಟೆಗೆ ಹಾಕಿ, ಒಂದು ಗುಂಡಿ ಒತ್ತಿ, ಸ್ಕ್ಯಾನ್ ಆದದ್ದನ್ನು ನೇರವಾಗಿ ಇಮೇಲ್‌ಗೆ ಕಳುಹಿಸುವುದು ಅವನ ಹತ್ತು ವರ್ಷಗಳ ರೂಢಿ. ಜುಲೈ ತಿಂಗಳ ರಿಟರ್ನ್ಸ್ ಗಡಿಬಿಡಿಯ ನಡುವೆ ಒಂದು ದಿನ ಆ ಗುಂಡಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಪ್ರಿಂಟರಿನಲ್ಲಿ ಏನೂ ಕೆಟ್ಟಿರಲಿಲ್ಲ. ಅದಕ್ಕೆ ಗೊತ್ತಿರುವುದು ಸಂಪರ್ಕಕ್ಕೆ ಗೂಢಲಿಪಿ ಹೊದಿಸುವ ಟಿಎಲ್‌ಎಸ್ ಪದ್ಧತಿಯ 1999ರ ಆವೃತ್ತಿ 1.0 ಮಾತ್ರ; ಆ ಆವೃತ್ತಿಯನ್ನು 2021ರಲ್ಲಿ ಆರ್‌ಎಫ್‌ಸಿ 8996 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ವಿಧ್ಯುಕ್ತವಾಗಿ ಬದಿಗೆ ಸರಿಸಿತ್ತು, ಮತ್ತು ಅಣ್ಣನ ಅಂಚೆಪೆಟ್ಟಿಗೆ ಇದ್ದ ಸೇವೆಯೂ ಕೊನೆಗೊಮ್ಮೆ ಅದಕ್ಕೆ ಬಾಗಿಲು ಹಾಕಿತ್ತು.

ಹೊಸ ಪ್ರಿಂಟರ್ ಕೊಳ್ಳುವುದು ಸುಲಭದ ದಾರಿ. ಆದರೆ ಡ್ರಮ್ ಚೆನ್ನಾಗಿದೆ, ಕಾಗದ ಎಳೆಯುವ ರೋಲರ್ ಚೆನ್ನಾಗಿದೆ, ಟೋನರ್ ಎರಡು ಸ್ಟಾಕ್ ಇದೆ. ಜೊತೆಗೆ, ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಒಂದು ಮೆಟ್ಟಿಲ ಕೆಳಗೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿಕೊಂಡು ಮನೆಯ ಫೈಲ್ ಸರ್ವರ್ ಆಗಿ ದಿನವಿಡೀ ಓಡುತ್ತಿತ್ತು. ಅದರ ಬ್ಯಾಟರಿಯೇ ಅದಕ್ಕೆ ಯುಪಿಎಸ್. ಹಾಗಾಗಿ ಲ್ಯಾಪ್‌ಟಾಪಿನ ಮೇಲೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ಹಾಕಿ ಅದನ್ನು ಮಧ್ಯವರ್ತಿಯನ್ನಾಗಿ ಮಾಡುವುದೆಂದು ತೀರ್ಮಾನಿಸಿದೆ: ಪ್ರಿಂಟರ್ ಮನೆಯೊಳಗೆ ಗೂಢಲಿಪಿಯ ಗೊಡವೆಯಿಲ್ಲದೆ ಪತ್ರವನ್ನು ಲ್ಯಾಪ್‌ಟಾಪಿಗೆ ಒಪ್ಪಿಸುತ್ತದೆ, ಲ್ಯಾಪ್‌ಟಾಪ್ ಇಂದಿನ ಟಿಎಲ್‌ಎಸ್ ಬಳಸಿ ಅದನ್ನು ಹೊರಗೆ ಸಾಗಿಸುತ್ತದೆ. ಇದಕ್ಕೆ ನಾಲ್ಕು ಸಂಜೆಗಳು ಬೇಕಾದವು, ಮತ್ತು ಅವುಗಳಲ್ಲಿ ಮೂರು ನನ್ನ ತಪ್ಪುಗಳಿಗೇ ಹೋದವು.

ಮೊದಲ ತಪ್ಪು ಪೋಸ್ಟ್‌ಫಿಕ್ಸ್ ಅನುಸ್ಥಾಪಿಸುವಾಗಲೇ ಆಯಿತು. ಡೆಬಿಯನ್ ಕೇಳುವ ಪ್ರಶ್ನೆಗೆ 'ಇಂಟರ್ನೆಟ್ ವಿತ್ ಸ್ಮಾರ್ಟ್‌ಹೋಸ್ಟ್' ಎಂಬ, ಎಂದರೆ ಪತ್ರಗಳನ್ನು ಬೇರೊಂದು ಸರ್ವರಿನ ಮೂಲಕ ಹೊರಗೆ ಕಳುಹಿಸುವ, ಉತ್ತರವೂ ಇರುತ್ತದೆ. ನಾನು ಹುರುಪಿನಲ್ಲಿ 'ಇಂಟರ್ನೆಟ್ ಸೈಟ್' ಆರಿಸಿದೆ. ಹಾಗೆ ಆರಿಸಿದರೆ ಪೋಸ್ಟ್‌ಫಿಕ್ಸ್ ಪತ್ರ ಪಡೆಯುವವರ ಡೊಮೇನಿನ ಎಂಎಕ್ಸ್ ದಾಖಲೆಯನ್ನು (ಪತ್ರ ಪಡೆಯುವ ಯಂತ್ರ ಯಾವುದೆಂದು ಹೇಳುವುದು) ಡಿಎನ್‌ಎಸ್‌ನಲ್ಲಿ, ಎಂದರೆ ಇಂಟರ್ನೆಟ್ಟಿನ ಹೆಸರು-ವಿಳಾಸಗಳ ಪಟ್ಟಿಯಲ್ಲಿ, ಹುಡುಕಿ, ಆ ಯಂತ್ರದ 25ನೇ ಪೋರ್ಟಿಗೆ, ಎಂದರೆ ಸರ್ವರುಗಳು ಪತ್ರ ಪಡೆಯುವ ಬಾಗಿಲಿಗೆ, ತಾನೇ ಹೋಗಿ ಪತ್ರ ತಲುಪಿಸಲು ನೋಡುತ್ತದೆ. ಪರೀಕ್ಷೆಗೆಂದು ನನಗೇ ಬರೆದ ಪತ್ರ ಬರಲಿಲ್ಲ. ಡೆಬಿಯನ್ 12ರಲ್ಲಿ ಲಾಗ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲವಾದ್ದರಿಂದ ಹಿಂದಿನಂತೆ ಮೇಲ್.ಲಾಗ್ ಎಂಬ ಕಡತವೂ ಇರುವುದಿಲ್ಲ; ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ ಆಜ್ಞೆಯಲ್ಲಿ ಹುಡುಕಿದಾಗ ಸಿಕ್ಕಿದ ಸಾಲಿನ ಕೊನೆಯಲ್ಲಿ 'ಕನೆಕ್ಷನ್ ಟೈಮ್ಡ್ ಔಟ್' ಎಂದಿತ್ತು.

ಈ ಮಾತಿಗೂ 'ಕನೆಕ್ಷನ್ ರೆಫ್ಯೂಸ್ಡ್' ಎಂಬ ಮಾತಿಗೂ ಇರುವ ವ್ಯತ್ಯಾಸವನ್ನು ಗಮನಿಸಿದರೆ ಅರ್ಧ ಸಂಜೆ ಉಳಿಯುತ್ತದೆ. ರೆಫ್ಯೂಸ್ಡ್ ಎಂದರೆ ಆ ಕಡೆಯ ಯಂತ್ರದವರೆಗೆ ಹೋಗಿ, ಬಾಗಿಲು ತಟ್ಟಿ, 'ಇಲ್ಲ' ಎನ್ನಿಸಿಕೊಂಡು ಬಂದಂತೆ. ಟೈಮ್ಡ್ ಔಟ್ ಎಂದರೆ ಹೋದವರು ತಿರುಗಿ ಬರಲೇ ಇಲ್ಲ. ದಾರಿಯಲ್ಲಿ ಯಾರೋ ಸದ್ದಿಲ್ಲದೆ ಪೊಟ್ಟಣವನ್ನು ಎತ್ತಿಹಾಕಿದ್ದಾರೆ. ನೆಟ್‌ಕ್ಯಾಟ್‌ನಿಂದ ಬೇರೆಬೇರೆ ಮೂರು ಮೇಲ್ ಸರ್ವರುಗಳ 25ನೇ ಪೋರ್ಟನ್ನು ಮುಟ್ಟಿ ನೋಡಿದೆ, ಮೂರರಿಂದಲೂ ಮೌನ. 587ನೇ ಪೋರ್ಟ್ ತೆರೆದಿರುವ ಸರ್ವರುಗಳನ್ನು ಮುಟ್ಟಿದಾಗ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಎಂದರೆ ನಮ್ಮ ಇಂಟರ್ನೆಟ್ ಕಂಪನಿ ಮನೆಗಳಿಂದ 25ಕ್ಕೆ ಹೋಗುವ ದಾರಿಯನ್ನೇ ಮುಚ್ಚಿದೆ.

ಅದರಲ್ಲಿ ತಪ್ಪು ಹುಡುಕಲಾರೆ. 1982ರ ಆರ್‌ಎಫ್‌ಸಿ 821 ವಿವರಿಸಿದ ಎಸ್‌ಎಂಟಿಪಿಯಲ್ಲಿ, ಎಂದರೆ ಇಮೇಲ್ ಸಾಗಿಸುವ ನಿಯಮದಲ್ಲಿ, 'ನೀನು ಯಾರು' ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಅದೇ 25ನೇ ಪೋರ್ಟಿನಿಂದ ರಾಶಿರಾಶಿ ಸ್ಪ್ಯಾಮ್ ಸುರಿಯತೊಡಗಿದ ಮೇಲೆ ಎಷ್ಟೋ ದೇಶಗಳ ಕಂಪನಿಗಳು ಅದನ್ನು ಮುಚ್ಚಿದವು. ದಾರಿ ತೆರೆದಿದ್ದರೂ ನನ್ನ ಪತ್ರಗಳು ಹೆಚ್ಚು ದೂರ ಹೋಗುತ್ತಿರಲಿಲ್ಲ: ಸ್ಪ್ಯಾಮ್ ತಡೆಯಲು ಸರ್ವರುಗಳು ನೋಡುವ, ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ ಇಂಥ ಮನೆಬಳಕೆಯ ವಿಳಾಸಗಳ ಸಾಲುಗಳೇ ಇವೆ, ವಿಳಾಸದಿಂದ ಹೆಸರನ್ನು ಹೇಳುವ ರಿವರ್ಸ್ ಡಿಎನ್‌ಎಸ್ ದಾಖಲೆ ನನ್ನ ಕೈಯಲ್ಲಿಲ್ಲ, ಮೇಲಾಗಿ ನಮ್ಮ ಲೈನಿನಲ್ಲಿ ಒಂದೇ ಐಪಿವಿ4 ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಪಕ್ಕದ ಬೀದಿಯ ಯಾರದೋ ಫೋನ್ ಮಾಡಿದ ಪಾಪ ನನ್ನ ಅಣ್ಣನ ರಿಟರ್ನ್ಸ್‌ಗೆ ತಟ್ಟಬಹುದು. ನೇರವಾಗಿ ತಲುಪಿಸುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಉಳಿದದ್ದು ರಿಲೇ, ಎಂದರೆ ನಮ್ಮ ಪತ್ರವನ್ನು ಪಡೆದು ಮುಂದಕ್ಕೆ ಸಾಗಿಸುವ ಬೇರೊಬ್ಬರ ಸರ್ವರ್. 1998ರ ಡಿಸೆಂಬರಿನಲ್ಲಿ ಬಂದ ಆರ್‌ಎಫ್‌ಸಿ 2476, ಬಳಕೆದಾರರು ತಮ್ಮ ಪತ್ರವನ್ನು ಸರ್ವರಿಗೆ ಒಪ್ಪಿಸುವುದಕ್ಕೆಂದೇ 587ನೇ ಪೋರ್ಟನ್ನು ಬೇರ್ಪಡಿಸಿತು. ಮರುವರ್ಷದ ಮಾರ್ಚಿನ ಆರ್‌ಎಫ್‌ಸಿ 2554 ಹೆಸರು, ಪಾಸ್‌ವರ್ಡ್ ಕೇಳುವ ವಿಧಾನವನ್ನು ಕೊಟ್ಟಿತು. ನಮ್ಮ ಕಂಪನಿಯೂ ಕನೆಕ್ಷನ್ ಜೊತೆಗೆ ಒಂದು ಅಂಚೆಪೆಟ್ಟಿಗೆಯನ್ನು ಕೊಟ್ಟಿತ್ತು, ಮನೆಯಲ್ಲಿ ಯಾರೂ ಅದನ್ನು ತೆರೆದು ನೋಡಿರಲಿಲ್ಲ. ರಿಲೇ ಸರ್ವರಿನ ಹೆಸರು ಕೇಳಲು ಕಸ್ಟಮರ್ ಕೇರ್‌ಗೆ ಮಾಡಿದ ಎರಡು ಕರೆಗಳಲ್ಲಿ ಎರಡು ಸಲವೂ ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳಿದರು. ಮೂರನೆಯ ಕರೆ ಮಾಡುವ ಮೊದಲು ಕಡತದಲ್ಲಿ ಹಳೆಯ ಕನೆಕ್ಷನ್ ಪತ್ರ ಸಿಕ್ಕಿತು. ಅದರ ಹಿಂಬದಿಯಲ್ಲಿ ಸರ್ವರಿನ ಹೆಸರು, ಪೋರ್ಟ್, ಲಾಗಿನ್ ಎಲ್ಲವೂ ಅಚ್ಚಾಗಿದ್ದವು.

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಓಪನ್‌ಎಸ್‌ಎಸ್‌ಎಲ್‌ನ ಎಸ್‌ಕ್ಲೈಂಟ್ ಆಜ್ಞೆಯಿಂದ ಆ ಸರ್ವರನ್ನು ನಾನೇ ಮಾತನಾಡಿಸಿದೆ. ಇದನ್ನು ಯಾರೂ ತಪ್ಪಿಸಬಾರದು. ಸ್ಟಾರ್ಟ್‌ಟಿಎಲ್‌ಎಸ್ (ಗೂಢಲಿಪಿ ಶುರು) ಆದ ಮೇಲೆ 'ಇಹೆಲೋ' ಎಂದು ಟೈಪ್ ಮಾಡಿದರೆ ಸರ್ವರ್ ತನ್ನ ಶಕ್ತಿ, ಮಿತಿಗಳನ್ನೆಲ್ಲ ಸಾಲಾಗಿ ಒದರುತ್ತದೆ. ನಮಗೆ ಬಂದ ಸಾಲುಗಳಲ್ಲಿ ಎರಡನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೆ. ಒಂದು 'ಸೈಜ್ 20971520', ಎಂದರೆ ಒಂದು ಪತ್ರದ ತೂಕ 20 ಎಂಬಿ ಮೀರುವಂತಿಲ್ಲ. ಇನ್ನೊಂದು 'ಆಥ್ ಪ್ಲೇನ್ ಲಾಗಿನ್', ಎಂದರೆ ಪಾಸ್‌ವರ್ಡನ್ನು ಬೇಸ್64 ಎಂಬ ಅಕ್ಷರರೂಪದಲ್ಲಿ ಸುತ್ತಿ ಇದ್ದಹಾಗೇ ಕೇಳುವ ಎರಡು ವಿಧಾನಗಳನ್ನು ಬಿಟ್ಟು ಮೂರನೆಯದು ಅದಕ್ಕೆ ಬೇಡ. ಎರಡೂ ಸಾಲುಗಳು ಮುಂದೆ ಕೆಲಸಕ್ಕೆ ಬಂದವು.

ಸೆಟ್ಟಿಂಗುಗಳೆಲ್ಲ ಮೇನ್.ಸಿಎಫ್ ಎಂಬ ಕಡತದಲ್ಲಿ ಕೂರುತ್ತವೆ. ಇಲ್ಲಿ ನಾನು ಬರೆಯುವ ಹೆಸರುಗಳಲ್ಲಿ ಪದಗಳ ನಡುವೆ ಖಾಲಿ ಜಾಗ ಕಂಡಲ್ಲೆಲ್ಲ ಕಡತದಲ್ಲಿ ಅಂಡರ್‌ಸ್ಕೋರ್ ಇರುತ್ತದೆ. ಮೊದಲನೆಯದು ರಿಲೇಹೋಸ್ಟ್. ಅದರ ಬೆಲೆಯಾಗಿ ಸರ್ವರಿನ ಹೆಸರನ್ನು ಚೌಕ ಕಂಸದೊಳಗೆ ಬರೆದು, ಕಂಸ ಮುಗಿದ ಮೇಲೆ ಕೋಲನ್ ಹಾಕಿ 587 ಎಂದು ಬರೆಯಬೇಕು. ಚೌಕ ಕಂಸ ಅಲಂಕಾರಕ್ಕಲ್ಲ: ಅದು ಇದ್ದರೆ 'ಈ ಹೆಸರಿಗೆ ಎಂಎಕ್ಸ್ ಹುಡುಕಬೇಡ, ಈ ಯಂತ್ರಕ್ಕೇ ಹೋಗು' ಎಂದರ್ಥ, ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಮತ್ತೆ ಎಂಎಕ್ಸ್ ಹಿಂದೆ ಬಿದ್ದು ಬೇರೆ ಯಾವುದೋ ಯಂತ್ರದ ಬಾಗಿಲಿಗೆ ಹೋಗಬಹುದು. ಎರಡನೆಯದು ಎಸ್‌ಎಂಟಿಪಿ ಸಾಸ್ಲ್ ಆಥ್ ಎನೇಬಲ್ (ಸಾಸ್ಲ್ ಎಂದರೆ ಲಾಗಿನ್ ಆಗುವ ಪದ್ಧತಿ), ಅದಕ್ಕೆ 'ಯೆಸ್'. ಮೂರನೆಯದು ಎಸ್‌ಎಂಟಿಪಿ ಸಾಸ್ಲ್ ಪಾಸ್‌ವರ್ಡ್ ಮ್ಯಾಪ್ಸ್, ಪಾಸ್‌ವರ್ಡ್ ಇರುವ ಕಡತ ಎಲ್ಲಿದೆಯೆಂದು ತೋರಿಸುವ ಸಾಲು. ಆ ಕಡತದಲ್ಲಿ ಒಂದೇ ಸಾಲು: ಎಡಕ್ಕೆ ಸರ್ವರ್, ಬಲಕ್ಕೆ ಲಾಗಿನ್, ಕೋಲನ್, ಪಾಸ್‌ವರ್ಡ್. ಪೋಸ್ಟ್‌ಮ್ಯಾಪ್ ಆಜ್ಞೆ ಅದರಿಂದ ಡಿಬಿ ಎಂಬ ಬಾಲವುಳ್ಳ ಸೂಚಿಯನ್ನು ತಯಾರಿಸುತ್ತದೆ. ಮೂಲ ಮತ್ತು ಸೂಚಿ ಎರಡನ್ನೂ ರೂಟ್ ಬಿಟ್ಟು ಬೇರೆ ಯಾರೂ ಓದದಂತೆ 600 ಅನುಮತಿಗೆ ಇಳಿಸಬೇಕು. ಪೋಸ್ಟ್‌ಫಿಕ್ಸ್ ತನ್ನ ಅಧಿಕಾರವನ್ನು ಕಳಚಿಡುವ ಮೊದಲೇ ಅದನ್ನು ತೆರೆದುಕೊಳ್ಳುವುದರಿಂದ ಏನೂ ತೊಂದರೆಯಾಗುವುದಿಲ್ಲ.

ಎರಡನೆಯ ಸಂಜೆ ಹೋದದ್ದು ಆ ಒಂದೇ ಸಾಲಿನ ಎಡಭಾಗದಲ್ಲಿ. ನಾನು ಸರ್ವರಿನ ಹೆಸರನ್ನು ಚೌಕ ಕಂಸದೊಳಗೆ ಬರೆದಿದ್ದೆ, ಆದರೆ ಕೋಲನ್ ಮತ್ತು 587 ಬರೆದಿರಲಿಲ್ಲ. ಪೋಸ್ಟ್‌ಫಿಕ್ಸ್ ಈ ಪಟ್ಟಿಯಲ್ಲಿ ಬರಿಯ ಯಂತ್ರದ ಹೆಸರನ್ನು ಹುಡುಕುತ್ತದೆ, ಅಥವಾ ರಿಲೇಹೋಸ್ಟ್‌ನಲ್ಲಿ ಬರೆದದ್ದನ್ನು ಅಕ್ಷರಶಃ ಹುಡುಕುತ್ತದೆ. ನನ್ನದು ಎರಡೂ ಅಲ್ಲದ ತ್ರಿಶಂಕು. ಹುಡುಕಿದ್ದು ಸಿಗದಿದ್ದಾಗ ಅದು ತಕರಾರು ಮಾಡುವುದಿಲ್ಲ ಎನ್ನುವುದೇ ಇಲ್ಲಿನ ತೊಡಕು. ಪಾಸ್‌ವರ್ಡ್ ಇಲ್ಲವೆಂದು ತಿಳಿದು, ಲಾಗಿನ್ ಆಗುವ ಪ್ರಯತ್ನವನ್ನೇ ಮಾಡದೆ, ಪತ್ರವನ್ನು ಮುಂದಿಡುತ್ತದೆ. ಆ ಕಡೆಯ ಸರ್ವರ್ '530 ಅಥೆಂಟಿಕೇಶನ್ ರಿಕ್ವೈರ್ಡ್' ಎನ್ನುತ್ತದೆ. ಅದನ್ನು ಓದಿದ ನಾನು ಪಾಸ್‌ವರ್ಡ್ ತಪ್ಪಿರಬೇಕೆಂದು ಎರಡು ಸಲ ಬದಲಾಯಿಸಿದೆ. ಪಾಸ್‌ವರ್ಡ್ ತಪ್ಪಿದ್ದರೆ 535 ಬರುತ್ತಿತ್ತು ಎಂಬುದು ಹೊಳೆದದ್ದು ಊಟ ಮಾಡುವಾಗ. ಪೋಸ್ಟ್‌ಮ್ಯಾಪ್‌ಗೆ ಕ್ಯೂ ಎಂಬ ಆಯ್ಕೆಯನ್ನು ಕೊಟ್ಟು, ರಿಲೇಹೋಸ್ಟ್‌ನ ಬೆಲೆಯನ್ನು ಹಾಗೆಯೇ ಅಂಟಿಸಿ ಕೇಳಿದರೆ, ಸೂಚಿಯಲ್ಲಿ ಅದು ಇದ್ದರೆ ಲಾಗಿನ್ ಮತ್ತು ಪಾಸ್‌ವರ್ಡ್ ಪರದೆಯ ಮೇಲೆ ಬರುತ್ತದೆ, ಇಲ್ಲದಿದ್ದರೆ ಖಾಲಿ. ನನಗೆ ಖಾಲಿ ಬಂತು. ಕೋಲನ್ ಮತ್ತು 587 ಸೇರಿಸಿ, ಸೂಚಿಯನ್ನು ಮತ್ತೆ ಕಟ್ಟಿ ಕೇಳಿದಾಗ ಉತ್ತರ ಬಂತು.

ಮುಂದಿನ ಅಡ್ಡಿ 'ನೋ ಮೆಕ್ಯಾನಿಸಂ ಅವೈಲಬಲ್'. ಈ ಒಂದು ಮಾತಿನ ಹಿಂದೆ ಎರಡು ಬೇರೆ ಕಾರಣಗಳಿರಬಹುದು, ನನ್ನಲ್ಲಿ ಎರಡೂ ಇದ್ದವು. ಮೊದಲನೆಯದು, ಜಾಗ ಉಳಿಸಲು ಶಿಫಾರಸಿನ ಪ್ಯಾಕೇಜುಗಳನ್ನು ಬಿಟ್ಟು ಅನುಸ್ಥಾಪಿಸಿದ್ದರಿಂದ ಲಿಬ್‌ಸಾಸ್ಲ್2-ಮಾಡ್ಯೂಲ್ಸ್ ಎಂಬ ಪ್ಯಾಕೇಜ್ ಬಂದೇ ಇರಲಿಲ್ಲ; ಪ್ಲೇನ್, ಲಾಗಿನ್ ಎಂಬ ವಿಧಾನಗಳು ಇರುವುದೇ ಅದರೊಳಗೆ. ಎರಡನೆಯದು, ಪೋಸ್ಟ್‌ಫಿಕ್ಸ್‌ನ ಎಸ್‌ಎಂಟಿಪಿ ಸಾಸ್ಲ್ ಸೆಕ್ಯುರಿಟಿ ಆಪ್ಷನ್ಸ್ ತಾನಾಗಿಯೇ ಪಾಸ್‌ವರ್ಡನ್ನು ಇದ್ದಹಾಗೇ ಕಳುಹಿಸುವುದನ್ನು ನಿಷೇಧಿಸುತ್ತದೆ. ಹಲವರು ಈ ನಿಷೇಧವನ್ನು ಪೂರ್ತಿ ಕಿತ್ತುಹಾಕುವ ಸಲಹೆ ಕೊಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಎಸ್‌ಎಂಟಿಪಿ ಸಾಸ್ಲ್ ಟಿಎಲ್‌ಎಸ್ ಸೆಕ್ಯುರಿಟಿ ಆಪ್ಷನ್ಸ್ ಎಂಬ ಬೇರೆಯ ಸಾಲೇ ಇದೆ. ಅದಕ್ಕೆ ಮಾತ್ರ 'ನೋಅನಾನಿಮಸ್' ಎಂದು ಕೊಟ್ಟು ಮೊದಲನೆಯದನ್ನು ಇದ್ದಂತೆ ಬಿಟ್ಟರೆ, ಟಿಎಲ್‌ಎಸ್ ಕವಚದೊಳಗೆ ಪಾಸ್‌ವರ್ಡ್ ಹೋಗುತ್ತದೆ, ಕವಚವಿಲ್ಲದ ಕಡೆ ಜಪ್ಪಯ್ಯ ಎಂದರೂ ಹೋಗುವುದಿಲ್ಲ.

ಕವಚದ ವಿಷಯಕ್ಕೆ ಬಂದರೆ, ಎಸ್‌ಎಂಟಿಪಿ ಟಿಎಲ್‌ಎಸ್ ಸೆಕ್ಯುರಿಟಿ ಲೆವೆಲ್‌ಗೆ 'ಎನ್‌ಕ್ರಿಪ್ಟ್' ಎಂದು ಕೊಟ್ಟರೆ ಗೂಢಲಿಪಿ ಕಡ್ಡಾಯವಾಗುತ್ತದೆ, ಆದರೆ ಎದುರಿಗಿರುವುದು ನಿಜವಾಗಿಯೂ ನಮ್ಮ ಕಂಪನಿಯ ಸರ್ವರೇ ಎಂಬುದನ್ನು ಅದು ಪರಿಶೀಲಿಸುವುದಿಲ್ಲ. 'ಸೆಕ್ಯೂರ್' ಎಂದು ಕೊಟ್ಟರೆ ಪ್ರಮಾಣಪತ್ರದಲ್ಲಿನ ಹೆಸರು ರಿಲೇಹೋಸ್ಟ್‌ನ ಹೆಸರಿಗೆ ಹೊಂದಲೇಬೇಕು. ಪಾಸ್‌ವರ್ಡ್ ಕೊಡುವ ಜಾಗದಲ್ಲಿ ಎರಡನೆಯದೇ ಸರಿ. ಅದಕ್ಕೆ ನಂಬಿಕಸ್ಥ ಪ್ರಮಾಣಪತ್ರಗಳ ಪಟ್ಟಿ ಬೇಕು. ಅದನ್ನು ಸಿಎಪಾತ್ ಎಂಬ ಫೋಲ್ಡರಿನ ಬದಲು ಸಿಎಫೈಲ್ ಎಂಬ ಒಂದೇ ಕಡತವಾಗಿ ಕೊಟ್ಟೆ.

ಹೀಗೇಕೆ ಎಂಬುದಕ್ಕೆ ಪೋಸ್ಟ್‌ಫಿಕ್ಸ್ ಕಟ್ಟಿದ ರೀತಿಯನ್ನು ನೋಡಬೇಕು. ಇದನ್ನು ಬರೆದವರು ಐಬಿಎಂ ಸಂಶೋಧನಾಲಯದಲ್ಲಿದ್ದ ವೀಟ್ಸೆ ವೆನೆಮಾ, ಹೊರಬಂದದ್ದು 1998ರಲ್ಲಿ. ಆಗಿನ ಸೆಂಡ್‌ಮೇಲ್ ಒಂದೇ ದೊಡ್ಡ ಪ್ರೋಗ್ರಾಂ ಆಗಿತ್ತು. ಅದರ ಬದಲು ಇವರು ಪತ್ರ ಪಡೆಯುವುದು, ಸಾಲಿನಲ್ಲಿ ನಿಲ್ಲಿಸುವುದು, ಹೊರಗೆ ಕಳುಹಿಸುವುದು ಎಂಬ ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಂ ಮಾಡಿ, ಯಾರಿಗೂ ಅಗತ್ಯಕ್ಕಿಂತ ಹೆಚ್ಚು ಅಧಿಕಾರ ಕೊಡಲಿಲ್ಲ. ಡೆಬಿಯನ್ 12 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರಗೆ ಕಳುಹಿಸುವ ಭಾಗವನ್ನು ಕ್ರೂಟ್ ಎಂಬ ಬೋನಿನೊಳಗೆ ಕೂರಿಸುತ್ತದೆ. ಅಲ್ಲಿಂದ ನೋಡಿದರೆ ಪತ್ರಗಳು ಸಾಲುನಿಲ್ಲುವ ಸ್ಪೂಲ್ ಫೋಲ್ಡರೇ ಇಡೀ ಜಗತ್ತು, ಹೊರಗಿನ ಫೋಲ್ಡರುಗಳು ಕಾಣುವುದಿಲ್ಲ. ಸಿಎಫೈಲ್ ಅನ್ನು ಬೋನಿಗೆ ಹೋಗುವ ಮೊದಲೇ ಓದಿಕೊಳ್ಳುತ್ತದೆ, ಸಿಎಪಾತ್ ಅನ್ನು ಒಳಗಿನಿಂದ ಹುಡುಕುತ್ತದೆ. ಈ ಬೋನು ಮುಂದೆ ಮತ್ತೊಮ್ಮೆ ನನ್ನನ್ನು ಕಾಡಿತು.

ಮೂರನೆಯ ಸಂಜೆ ಲಾಗಿನ್ ಆಯಿತು, ಆದರೆ ಸರ್ವರ್ 553 ಹೇಳಿ ಪತ್ರವನ್ನು ತಳ್ಳಿಹಾಕಿತು: ಕಳುಹಿಸುವವರ ವಿಳಾಸ ಈ ಲಾಗಿನ್‌ಗೆ ಸೇರಿದ್ದಲ್ಲ. ನ್ಯಾಯವೇ. ಪ್ರಿಂಟರ್ ತನ್ನನ್ನು ಮನೆಯೊಳಗಿನ ಕಾಲ್ಪನಿಕ ಡೊಮೇನಿನ 'ಸ್ಕ್ಯಾನರ್' ಎಂದು ಪರಿಚಯಿಸಿಕೊಳ್ಳುತ್ತಿತ್ತು. ಎಸ್‌ಎಂಟಿಪಿ ಜೆನೆರಿಕ್ ಮ್ಯಾಪ್ಸ್ ಎಂಬ ಪಟ್ಟಿಯಲ್ಲಿ ಆ ವಿಳಾಸದ ಎದುರು ಕಂಪನಿ ಕೊಟ್ಟ ವಿಳಾಸವನ್ನು ಬರೆದರೆ, ಪತ್ರ ಮನೆಯಿಂದ ಹೊರಡುವ ಕ್ಷಣದಲ್ಲಿ ಲಕೋಟೆಯ ಮೇಲೂ ಒಳಗಿನ 'ಫ್ರಮ್' ಸಾಲಿನಲ್ಲೂ ಅದು ಬದಲಾಗುತ್ತದೆ. ಮನೆಯೊಳಗಿನ ಪತ್ರಗಳಿಗೆ ಈ ಬದಲಾವಣೆ ತಾಗುವುದಿಲ್ಲ. ಇದರ ಅಡ್ಡಪರಿಣಾಮವೆಂದರೆ ಜನ ಕೊಡುವ ಉತ್ತರಗಳೆಲ್ಲ ಯಾರೂ ತೆರೆಯದ ಆ ಪೆಟ್ಟಿಗೆಗೆ ಹೋಗಿ ಬೀಳುತ್ತವೆ. ವೆಬ್‌ಮೇಲ್‌ನಲ್ಲಿ ಅಲ್ಲಿಂದ ಅಣ್ಣನ ಪೆಟ್ಟಿಗೆಗೆ ಫಾರ್ವರ್ಡ್ ಹಾಕಿದೆ. ಸ್ವಂತ ಡೊಮೇನಿನ ವಿಳಾಸದಿಂದಲೇ ಹೋಗಬೇಕೆನ್ನುವವರು, ಕಂಪನಿ ಅದಕ್ಕೆ ಒಪ್ಪಿದರೆ, ತಮ್ಮ ಹೆಸರಿನಲ್ಲಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ರಿಲೇ ಸರ್ವರುಗಳನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಪ್ರಿಂಟರಿನ ಕಡೆಯ ಕೆಲಸ ಸಣ್ಣದು. ಅದರ ಮೇಲ್ ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪಿನ ವಿಳಾಸ, ಪೋರ್ಟ್ 25, ಟಿಎಲ್‌ಎಸ್ ಬೇಡ, ಲಾಗಿನ್ ಬೇಡ. ಲ್ಯಾಪ್‌ಟಾಪಿನಲ್ಲಿ, ಯಾರ ಪತ್ರವನ್ನು ಸಾಗಿಸಬಹುದೆಂದು ಹೇಳುವ ಮೈನೆಟ್‌ವರ್ಕ್ಸ್ ಸಾಲಿಗೆ ಪ್ರಿಂಟರಿನ ಒಂದೇ ಒಂದು ವಿಳಾಸವನ್ನು ಸೇರಿಸಿದೆ. ಇಡೀ 192.168.1.0 ಜಾಲವನ್ನೇ ಸೇರಿಸಿಬಿಡುವುದು ಸುಲಭ, ಆದರೆ ನಮ್ಮ ವೈಫೈಗೆ ಬರುವ ನೆಂಟರಿಷ್ಟರ ಫೋನುಗಳಲ್ಲಿ ಏನೇನಿದೆಯೋ ಬಲ್ಲವರಾರು. ಅಂಥ ಒಂದು ಫೋನು ರಾತ್ರೋರಾತ್ರಿ ಸ್ಪ್ಯಾಮ್ ಕಳುಹಿಸಿದರೆ ಕಂಪನಿ ಮುಚ್ಚುವುದು ನಮ್ಮ ಖಾತೆಯನ್ನು. ಪ್ರಿಂಟರಿನ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿದೆ.

ಮೊದಲ ಸ್ಕ್ಯಾನ್ ಹೋಯಿತು. ಎರಡನೆಯದು, ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಮೂವತ್ತು ಪುಟಗಳ ಕ್ರಯಪತ್ರ, ಹೋಗಲಿಲ್ಲ. ಕಡತ 8 ಎಂಬಿ ಮಾತ್ರ ಇತ್ತು. ಪೋಸ್ಟ್‌ಫಿಕ್ಸ್‌ನ ಮೆಸೇಜ್ ಸೈಜ್ ಲಿಮಿಟ್ ತಾನಾಗಿ 10240000 ಬೈಟು. ಲೆಕ್ಕ ತಾಳೆಯಾಗದಿರುವುದು ಬೇಸ್64ರಿಂದ: ಲಗತ್ತಿನ ಪ್ರತಿ ಮೂರು ಬೈಟು ನಾಲ್ಕಾಗುತ್ತದೆ, ಸಾಲು ಮುರಿಯುವ ಗುರುತುಗಳೂ ಸೇರಿ ಸುಮಾರು ಶೇಕಡಾ 37ರಷ್ಟು ಉಬ್ಬುತ್ತದೆ. ಇಹೆಲೋ ಉತ್ತರದಿಂದ ಬರೆದಿಟ್ಟುಕೊಂಡ 20971520 ಎಂಬ ಸಂಖ್ಯೆಯನ್ನೇ ಇಲ್ಲಿಯೂ ಹಾಕಿದೆ. ಅದಕ್ಕಿಂತ ಹೆಚ್ಚು ಹಾಕಿದರೆ ಪ್ರಿಂಟರಿನಿಂದ ಪತ್ರವನ್ನು ಪಡೆದು ಮುಂದೆ ರಿಲೇ ಬಳಿ ಮುಗ್ಗರಿಸುವುದಷ್ಟೇ ಆಗುತ್ತದೆ. ಈಗ ಸುಮಾರು 14 ಎಂಬಿಯ ಕಡತದವರೆಗೆ ಹೋಗುತ್ತದೆ. 'ಇನ್ನು ಮೇಲೆ ಕಪ್ಪು-ಬಿಳುಪು, 200 ಡಿಪಿಐ' ಎಂದು ಚೀಟಿ ಬರೆದು ಪ್ರಿಂಟರಿಗೆ ಅಂಟಿಸಿದೆ.

ಎರಡು ವಾರ ಎಲ್ಲವೂ ನಡೆಯಿತು. ಅನಂತರ ಕಂಪನಿಯವರು ಬಂದು ರೂಟರ್ ಬದಲಾಯಿಸಿ ಹೋದರು. ಕಾಯ್ದಿರಿಸಿದ ವಿಳಾಸಗಳನ್ನೆಲ್ಲ ಹೊಸದರಲ್ಲಿ ಅದೇ ದಿನ ತುಂಬಿದೆ, ಇಂಟರ್ನೆಟ್ ಚೆನ್ನಾಗಿತ್ತು. ಮರುದಿನ ಸಂಜೆ ಅಣ್ಣ ಒಳಗೆ ಬಂದು, 'ಪ್ರಿಂಟರ್ ಸೆಂಟ್ ಅಂತಲೇ ತೋರಿಸ್ತಿದೆ ಕಣೋ, ಅವರಿಗೆ ಮಾತ್ರ ಬಂದೇ ಇಲ್ಲವಂತೆ' ಎಂದ.

ರಿಲೇ ಕಟ್ಟುವಾಗ ನಾನು ಯೋಚಿಸದೆ ಬಿಟ್ಟ ವಿಷಯ ಅದು. ಮೊದಲು ಪ್ರಿಂಟರ್ ಅಂಚೆಪೆಟ್ಟಿಗೆಯ ಸೇವೆಗೆ ನೇರವಾಗಿ ಪತ್ರ ಕೊಡುತ್ತಿತ್ತು. ಅದು 'ಸೆಂಟ್' ಎಂದರೆ ಪತ್ರ ಮನೆ ಬಿಟ್ಟಿದೆ ಎಂದೇ ಅರ್ಥ. ಈಗ ಅದೇ ಮಾತಿಗೆ ಮೆಟ್ಟಿಲ ಕೆಳಗಿನ ಲ್ಯಾಪ್‌ಟಾಪ್ ಪಡೆದುಕೊಂಡಿದೆ ಎಂದಷ್ಟೇ ಅರ್ಥ. ಲ್ಯಾಪ್‌ಟಾಪಿನ ಲಾಗ್ ಬರೆಯುವ 'ಸ್ಟೇಟಸ್ ಸೆಂಟ್' ಕೂಡ ರಿಲೇ ಸರ್ವರ್ 250 ಎಂದು ಒಪ್ಪಿಕೊಂಡಿತು ಎನ್ನುವುದಕ್ಕಷ್ಟೇ ಸಾಕ್ಷಿ, ಅದರಾಚೆಗಿನದಕ್ಕೆ ಅಲ್ಲ.

ಮೇಲ್‌ಕ್ಯೂ ಆಜ್ಞೆ 14 ಪತ್ರಗಳನ್ನು ತೋರಿಸಿತು, ಪ್ರತಿಯೊಂದರ ಕೆಳಗೂ 'ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್'. ಅದೇ ಲ್ಯಾಪ್‌ಟಾಪಿನಲ್ಲಿ ಕುಳಿತು ಅದೇ ಸರ್ವರಿನ ಹೆಸರನ್ನು ಪಿಂಗ್ ಮಾಡಿದರೆ ಹೆಸರು ವಿಳಾಸವಾಗಿ ಸಲೀಸಾಗಿ ಬದಲಾಗುತ್ತಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಬೋನು ನೆನಪಾಯಿತು. ಡಿಎನ್‌ಎಸ್ ಸರ್ವರಿನ ವಿಳಾಸ ಇರುವ ರಿಸಾಲ್ವ್.ಕಾನ್ಫ್ ಕಡತದ ಒಂದು ಪ್ರತಿಯನ್ನು ಡೆಬಿಯನ್, ಪೋಸ್ಟ್‌ಫಿಕ್ಸ್ ಶುರುವಾಗುವಾಗ, ಸ್ಪೂಲ್ ಫೋಲ್ಡರಿನೊಳಗೆ ನಕಲು ಮಾಡಿಡುತ್ತದೆ. ಹಳೆಯ ರೂಟರಿನ ವಿಳಾಸ 1ಕ್ಕೆ ಮುಗಿಯುತ್ತಿತ್ತು, ಹೊಸದರದ್ದು 254ಕ್ಕೆ. ಹೊರಗಿನ ಕಡತ ತಾನಾಗಿ ತಿದ್ದಿಕೊಂಡಿತ್ತು, ಒಳಗಿನ ನಕಲು ಇಲ್ಲದ ರೂಟರನ್ನೇ ಕೇಳುತ್ತಾ ಕುಳಿತಿತ್ತು. ಎರಡು ಕಡತಗಳಿಗೂ ಡಿಫ್ ಹಾಕಿದಾಗ ವ್ಯತ್ಯಾಸ ಆ ಒಂದು ಸಂಖ್ಯೆ ಮಾತ್ರ. ಪೋಸ್ಟ್‌ಫಿಕ್ಸ್ ಅನ್ನು ರೀಸ್ಟಾರ್ಟ್ ಮಾಡಿ, ಪೋಸ್ಟ್‌ಕ್ಯೂಗೆ ಎಫ್ ಆಯ್ಕೆ ಕೊಟ್ಟು ತಳ್ಳಿದೆ. ಒಂದು ನಿಮಿಷದೊಳಗೆ ಹದಿನಾಲ್ಕೂ ಹೊರಟವು.

ಒಂದು ಪತ್ರವೂ ಕಳೆದುಹೋಗಲಿಲ್ಲ. ಪೋಸ್ಟ್‌ಫಿಕ್ಸ್ ಮೊದಲು 300 ಸೆಕೆಂಡಿಗೆ, ಆಮೇಲೆ ಅಂತರವನ್ನು 4000 ಸೆಕೆಂಡಿನವರೆಗೆ ಹಿಗ್ಗಿಸುತ್ತಾ, ಐದು ದಿನ ಪ್ರಯತ್ನಿಸುತ್ತದೆ. ಆಮೇಲಷ್ಟೇ ಕೈಚೆಲ್ಲಿ ಕಳುಹಿಸಿದವರಿಗೆ ಮರಳಿಸುತ್ತದೆ. ಅಷ್ಟರವರೆಗೆ ಯಾರಿಗೂ ಸುದ್ದಿ ಕೊಡುವುದಿಲ್ಲ. ಡಿಲೇ ವಾರ್ನಿಂಗ್ ಟೈಮ್ ಎಂಬ ಸಾಲಿನಿಂದ ತಡವಾದಾಗ ಎಚ್ಚರಿಕೆ ಪತ್ರ ಬರುವಂತೆ ಮಾಡಬಹುದು, ಆದರೆ ರಿಲೇ ಸಿಗುತ್ತಿಲ್ಲವೆಂದು ತಿಳಿಸುವ ಆ ಪತ್ರವೂ ಅದೇ ರಿಲೇಯನ್ನು ದಾಟಿಯೇ ಬರಬೇಕು. ಅದರ ಬದಲು ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು, ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್‌ಗೆ ಹಾಕಿದೆ: ಅರ್ಧ ಗಂಟೆಗಿಂತ ಹಳೆಯ ಪತ್ರ ಸಾಲಿನಲ್ಲಿದ್ದರೆ, ಪರದೆ ಒಡೆದರೂ ಸ್ಪೀಕರ್ ಚೆನ್ನಾಗಿರುವ ಆ ಲ್ಯಾಪ್‌ಟಾಪ್ ಮೂರು ಸಲ ಕೂಗುತ್ತದೆ. ಆ ಹದಿನಾಲ್ಕರಲ್ಲಿ ಆರು ಒಬ್ಬರದೇ ಫಾರಂ 16, ಬಂದಿಲ್ಲ ಬಂದಿಲ್ಲ ಎಂದು ಅವರು ಫೋನ್ ಮಾಡಿದಂತೆಲ್ಲ ಅಣ್ಣ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ್ದು. ಕೂಗು ಕೇಳಿಸಿದರೆ ಪ್ರಿಂಟರ್ ಮುಟ್ಟದೆ ನನ್ನನ್ನು ಕರೆಯಬೇಕು ಎಂಬುದು ಈಗ ನಮ್ಮಿಬ್ಬರ ನಡುವಿನ ಒಪ್ಪಂದ.